ತಪ್ಪು ತೋರಿಸುವ ಧೈರ್ಯಕ್ಕೂ ಒಂದು ಅಳತೆ

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಒಂದೇ ರನ್‌ವೇಯ ಮೇಲೆ ಎರಡು ಜಂಬೋ ಜೆಟ್‌ಗಳಿದ್ದವು. ಡಚ್ ವಿಮಾನದ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ವಿಮಾನವನ್ನು ಓಡಿಸಿದರು. ಮುಂದಿರುವ ಅಮೆರಿಕದ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ ಮೇಲೆ ಅವರು ಸುಮ್ಮನಾದರು. ಮರುಗಳಿಗೆಯಲ್ಲೇ ಡಿಕ್ಕಿ. ಸತ್ತವರು 583 ಮಂದಿ.

ಆ ಎಂಜಿನಿಯರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಹಿರಿಯರ ಮಾತನ್ನು ಇನ್ನೊಮ್ಮೆ ಪ್ರಶ್ನಿಸುವ ವಾತಾವರಣ ಅಲ್ಲಿರಲಿಲ್ಲ. ಇಂಥ ದುರಂತಗಳಿಂದ ಪಾಠ ಕಲಿತ ವಿಮಾನಯಾನ ಸಂಸ್ಥೆಗಳು, ಕಿರಿಯರು ಬಾಯಿ ಬಿಟ್ಟು ಹೇಳುವುದನ್ನೂ ಹಿರಿಯರು ಕಿವಿಗೊಟ್ಟು ಕೇಳುವುದನ್ನೂ ತರಬೇತಿಯ ಭಾಗವಾಗಿಸಿದವು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಇಂಥ ವಾತಾವರಣಕ್ಕೆ 'ಸುರಕ್ಷತಾ ಸಂಸ್ಕೃತಿ' ಎಂಬ ಹೆಸರು ಬಂತು.

ಆಸ್ಪತ್ರೆಗೂ ಈ ಮಾತು ಅನ್ವಯಿಸುತ್ತದೆಯೇ? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೆಲ್ಮ್‌ರಿಕ್ ಮತ್ತು ಸಂಗಡಿಗರು ಪೈಲಟ್‌ಗಳಿಗೆ ಕೇಳುತ್ತಿದ್ದಂಥ ಪ್ರಶ್ನೆಗಳನ್ನೇ ವೈದ್ಯರ ಮುಂದಿಟ್ಟರು. 2000ದಲ್ಲಿ ಪ್ರಕಟವಾದ ಉತ್ತರಗಳು ಕಣ್ಣು ತೆರೆಸುವಂತಿದ್ದವು. ಆಯಾಸದಿಂದ ತಮ್ಮ ಕೆಲಸ ಕೆಡುವುದಿಲ್ಲ ಎಂದ ಪೈಲಟ್ ಬಳಗದವರು ಶೇ 26. ಹಿರಿಯ ಶಸ್ತ್ರಚಿಕಿತ್ಸಕರಲ್ಲಿ ಹಾಗೆಂದವರು ಶೇ 70. 2003ರ ಇನ್ನೊಂದು ಸಮೀಕ್ಷೆ ತೀವ್ರ ನಿಗಾ ಘಟಕಗಳ ಒಳನೋಟ ಕೊಟ್ಟಿತು. ದಾದಿಯರೊಂದಿಗೆ ತಮ್ಮ ಸಹಕಾರ ಚೆನ್ನಾಗಿದೆ ಎಂದ ವೈದ್ಯರು ಶೇ 73. ವೈದ್ಯರ ಸಹಕಾರ ಚೆನ್ನಾಗಿದೆ ಎಂದ ದಾದಿಯರು ಶೇ 33 ಮಾತ್ರ. ಮೇಲೆ ನಿಂತವರಿಗೆ ಕಾಣದ್ದು ಕೆಳಗಿರುವವರಿಗೆ ಕಾಣುತ್ತಿತ್ತು. ಹೆಸರು ಬರೆಯದೆ ತುಂಬುವ ಪ್ರಶ್ನಾವಳಿಯ ಉಪಯೋಗವೇ ಇದು. 'ರೋಗಿಗೆ ತೊಂದರೆ ಆಗುವಂತಿದ್ದರೆ ಇಲ್ಲಿ ಹೇಳುವುದು ಕಷ್ಟವೇ?' ಎಂಬ ಬಗೆಯ ಪ್ರಶ್ನೆಗೆ ವಾರ್ಡಿನ ಎಲ್ಲರ ಉತ್ತರ ಕೂಡಿಸಿದಾಗ ಆ ವಾರ್ಡಿನ ನಿಜರೂಪ ಹೊರಬೀಳುತ್ತದೆ.

ಆದರೆ ಅಳೆಯುವವರು ಎಚ್ಚರ ತಪ್ಪಿದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಹಾರ್ವರ್ಡ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಏಮಿ ಎಡ್ಮಂಡ್‌ಸನ್, ಒಗ್ಗಟ್ಟಿನ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳು ಕಡಿಮೆ ಇರಬೇಕೆಂದು ಎಣಿಸಿದ್ದರು. ಸಿಕ್ಕ ಅಂಕಿಅಂಶ ಹೇಳಿದ್ದು ಇದಕ್ಕೆ ವಿರುದ್ಧ: ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಹೆಚ್ಚು. ಹಾಗಾದರೆ ಒಗ್ಗಟ್ಟೇ ಅಪಾಯವೇ? ಕೂಲಂಕಷವಾಗಿ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು. ಬೈಗುಳಕ್ಕೆ ಹೆದರುವ ವಾರ್ಡುಗಳಲ್ಲಿ ತಪ್ಪುಗಳು ದಾಖಲೆಗೇ ಬರುತ್ತಿರಲಿಲ್ಲ. 1996ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠ ಸರಳ: ತಪ್ಪೇ ಇಲ್ಲದ ರಿಜಿಸ್ಟರ್ ಕಂಡರೆ ಮೇಲಧಿಕಾರಿ ಸಂತೋಷಪಡುವ ಮುನ್ನ ಅನುಮಾನಪಡಬೇಕು.

ಅಳತೆಯಿಂದ ಸುಧಾರಣೆಗೆ ದಾರಿ ತೋರಿದವರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಡಾ. ಪೀಟರ್ ಪ್ರೊನೊವೊಸ್ಟ್ ಪ್ರಮುಖರು. ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ತಗಲುವ ಸೋಂಕನ್ನು ತಡೆಯಲು ಅವರು ಐದೇ ಅಂಶಗಳ ಪಟ್ಟಿ ಮಾಡಿದರು. ಕೈ ತೊಳೆಯುವುದು, ರೋಗಿಯನ್ನು ಪೂರ್ತಿ ಶುದ್ಧ ಹೊದಿಕೆಯಿಂದ ಮುಚ್ಚುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಆದಷ್ಟೂ ತೊಡೆಸಂದಿಯಲ್ಲಿ ನಳಿಕೆ ಹಾಕದಿರುವುದು, ಬೇಡವಾದ ಕೂಡಲೇ ತೆಗೆಯುವುದು. ಇವುಗಳಲ್ಲಿ ವೈದ್ಯರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಹೊಸದಿದ್ದದ್ದು ಬೇರೆಯೇ: ವೈದ್ಯರು ಒಂದು ಅಂಶ ಬಿಟ್ಟರೂ ಅವರನ್ನು ತಡೆಯುವ ಅಧಿಕಾರ ದಾದಿಗೆ ಸಿಕ್ಕಿತು, ಆಡಳಿತ ಅವಳ ಬೆನ್ನಿಗೆ ನಿಂತಿತು. ಜತೆಗೆ ವಾರ್ಡಿನ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ: ಮುಂದಿನ ರೋಗಿಗೆ ಇಲ್ಲಿ ಅಪಾಯವಾದರೆ ಅದು ಯಾವುದರಿಂದ ಆದೀತು? 2003ರಲ್ಲಿ ಈ ಕ್ರಮ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ನಿಗಾ ಘಟಕಗಳಿಗೆ ಹೋಯಿತು. ನಳಿಕೆ ಇರುವ ಸಾವಿರ ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು.

ಪಟ್ಟಿಯ ಕೀರ್ತಿ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪಟ್ಟಿ ಸಿದ್ಧಪಡಿಸಿತು. ಕತ್ತರಿ ಹಾಕುವ ಮೊದಲು ತಂಡದ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಎಂಬುದೂ ಅದರಲ್ಲಿ ಒಂದು. ಒಮ್ಮೆ ಬಾಯಿ ತೆರೆದವರು ಅಗತ್ಯ ಬಿದ್ದಾಗ ಮತ್ತೆ ತೆರೆದಾರು ಎಂಬುದು ಇದರ ಹಿಂದಿನ ಲೆಕ್ಕಾಚಾರ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದ ಪ್ರಯೋಗದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು.

ಆದರೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಇಂಥ ಪಟ್ಟಿಯ ಬಳಕೆ ಜಾರಿಗೆ ಬಂದ ನಂತರ 101 ಆಸ್ಪತ್ರೆಗಳ ಫಲಿತಾಂಶ ನೋಡಿದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಇದು 2014ರ ವರದಿ. ಪಟ್ಟಿ ಬಳಸಿದ್ದೇವೆಂದು ಅಲ್ಲಿನ ಹೆಚ್ಚಿನ ಆಸ್ಪತ್ರೆಗಳು ವರದಿ ಮಾಡಿದ್ದವು. ಎಲ್ಲೆಡೆ ಅದನ್ನು ಮನಸ್ಸಿಟ್ಟು ಬಳಸಿದರೇ ಎಂಬುದರ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆಯಿತು.

ಈ ಎರಡು ಫಲಿತಾಂಶಗಳ ನಡುವಿನ ಅಂತರದಲ್ಲೇ ಸುರಕ್ಷತಾ ಸಂಸ್ಕೃತಿಯ ಪ್ರಶ್ನೆ ಇದೆ. ಪಟ್ಟಿಯನ್ನು ಆದೇಶ ಹೊರಡಿಸಿ ಗೋಡೆಗೆ ಅಂಟಿಸಬಹುದು. 'ಡಾಕ್ಟರೇ, ಕೈ ತೊಳೆದಿಲ್ಲ' ಎಂದು ಕಿರಿಯ ದಾದಿ ಹೇಳಿದಾಗ ಹಿರಿಯ ವೈದ್ಯರು ಮುಖ ಗಂಟಿಕ್ಕದೆ ನಲ್ಲಿಯತ್ತ ನಡೆಯುವುದು ಮಾತ್ರ ಆದೇಶದಿಂದ ಬರುವಂಥದ್ದಲ್ಲ. ಅದು ದಿನದಿನದ ರೂಢಿಯಿಂದ ಬರಬೇಕು. ಮಂಚದ ಮೇಲೆ ಮಲಗಿರುವ ರೋಗಿಯ ಜೀವ ಎಷ್ಟೋ ಸಲ ಆ ಒಂದು ಮಾತನ್ನು ಅವಲಂಬಿಸಿರುತ್ತದೆ.