ಹೊಳೆಯ ನೀರಿಗೆ ಯಾರ ಅಪ್ಪಣೆ?

'ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ?' ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಹರಿಯುವ ನೀರು ಎಲ್ಲರದು, ಅದನ್ನು ಮುಟ್ಟಲು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಈಜಿನ ಚರಿತ್ರೆಯನ್ನು ಓದುತ್ತ ಹೋದವರಿಗೆ, ಈ ಗಾದೆ ನಿಜವಾಗಿದ್ದ ದಿನಗಳಿಗಿಂತ ಸುಳ್ಳಾಗಿದ್ದ ದಿನಗಳೇ ಹೆಚ್ಚೆಂದು ತೋರಿದರೆ ಆಶ್ಚರ್ಯವಿಲ್ಲ.

ಈ ಮಾತು ನಮಗೆ ದೂರದ್ದಲ್ಲ. ನೆರೂಳು ಮತ್ತು ಬೇಲಾಪುರಗಳ ನಡುವಿನ ಸೀವುಡ್ಸ್ ತನ್ನ ಹೆಸರಿನಲ್ಲಿಯೇ ಸಮುದ್ರವನ್ನು ಇಟ್ಟುಕೊಂಡಿದೆ. ದಾರಾವೆ, ಕರಾವೆ ಗ್ರಾಮಗಳ ಆಗ್ರಿ ಮತ್ತು ಕೋಳಿ ಜನ ಖಾಡಿಯ ನೀರನ್ನು ನಂಬಿ ಬದುಕಿದವರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಹೊಸ ನಗರ ಎದ್ದಮೇಲೆ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಕರಾವಳಿಯವರಿದ್ದಾರೆ, ಮಲೆನಾಡಿನವರಿದ್ದಾರೆ, ಕೃಷ್ಣೆ ಘಟಪ್ರಭೆಗಳ ದಡದವರೂ ಇದ್ದಾರೆ. ಇವರಲ್ಲಿ ಅರುವತ್ತು ದಾಟಿದ ಅನೇಕರಿಗೆ ಈಜು ಬರುತ್ತದೆ. ಮೊಮ್ಮಕ್ಕಳಲ್ಲಿ ಅನೇಕರಿಗೆ ಬರುವುದಿಲ್ಲ. ಮಕ್ಕಳು ಬಾಲ್ಕನಿಯಿಂದ ನೀರನ್ನು ನೋಡುತ್ತಾರೆ, ಚಳಿಗಾಲದಲ್ಲಿ ಬಂದಿಳಿಯುವ ಫ್ಲೆಮಿಂಗೊ ಹಕ್ಕಿಗಳನ್ನು ಎಣಿಸುತ್ತಾರೆ, ಆದರೆ ನೀರಿಗೆ ಇಳಿಯುವುದಿಲ್ಲ. ಎರಡು ತಲೆಮಾರಿನೊಳಗೆ ಒಂದು ವಿದ್ಯೆ ಹೀಗೆ ಕೈಬಿಟ್ಟುಹೋದುದು ಹೇಗೆ? ಅದರಿಂದ ನಾವು ಕಳೆದುಕೊಂಡದ್ದೇನು? ಇವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈಜು ಮನುಷ್ಯನ ಅತ್ಯಂತ ಪುರಾತನ ವಿದ್ಯೆಗಳಲ್ಲಿ ಒಂದು. ಇಂದಿನ ಇರಾಕಿನ ನಿಮ್ರೂದ್‌ನಲ್ಲಿ ದೊರೆತ, ಕ್ರಿಸ್ತಪೂರ್ವ 9ನೇ ಶತಮಾನದ ಅಸ್ಸೀರಿಯಾದ ಅರಮನೆಯ ಶಿಲಾಫಲಕಗಳಲ್ಲಿ, ಗಾಳಿ ತುಂಬಿದ ಮೇಕೆಯ ಚರ್ಮವನ್ನು ಎದೆಗೆ ಒತ್ತಿಕೊಂಡು ನದಿ ದಾಟುವ ಸೈನಿಕರ ಚಿತ್ರವಿದೆ. ಅದನ್ನು ನೋಡಿದ ನಮ್ಮವರಿಗೆ ಕೂಡಲೇ ನೆನಪಾಗುವುದು ಸೋರೆಬುರುಡೆ. ಒಣಗಿದ ಸೋರೆಬುರುಡೆಯನ್ನೋ, ಬೆಂಡನ್ನೋ, ಬಾಳೆದಿಂಡನ್ನೋ ಕಟ್ಟಿಕೊಂಡು ಕೈಕಾಲು ಬಡಿಯುವುದರಿಂದಲೇ ನಮ್ಮ ಹಳ್ಳಿಗಳಲ್ಲಿ ಈಜಿನ ಪಾಠ ಪ್ರಾರಂಭವಾಗುತ್ತಿತ್ತು. ಪ್ರಾಚೀನ ಗ್ರೀಕರಲ್ಲಂತೂ ಒಬ್ಬನನ್ನು ಶುದ್ಧ ಅವಿದ್ಯಾವಂತನೆಂದು ಹೇಳಬೇಕಾದರೆ, ಅವನಿಗೆ ಅಕ್ಷರವೂ ಬಾರದು, ಈಜೂ ಬಾರದು ಎಂದು ಹೇಳುವ ರೂಢಿಯಿತ್ತು. ಓದುಬರಹಕ್ಕೆ ಸಮನಾದ ಸ್ಥಾನವನ್ನು ಅವರು ಈಜಿಗೆ ಕೊಟ್ಟಿದ್ದರೆಂಬುದು ಗಮನಿಸತಕ್ಕ ಸಂಗತಿ.

ಕನ್ನಡ ನಾಡಿನ ದಾಖಲೆಗಳಲ್ಲಿ ನೀರಿಗೇನೂ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಜೊತೆಗೆ ಜಲಕ್ರೀಡೆಗೂ ಸ್ಥಾನವಿದೆ. (ಈ ಕಲ್ಯಾಣ ನಮ್ಮ ಲೋಕಲ್ ಗಾಡಿಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ.) ಹಂಪೆಯಲ್ಲಿ ರಾಣಿಯರ ಸ್ನಾನಗೃಹವಿದೆ, ಮಹಾನವಮಿ ದಿಬ್ಬದ ಸಮೀಪ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಿಣಿಯಿದೆ. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದನಾದರೂ ಅದು ಜಲಸ್ತಂಭನ ಮಂತ್ರದ ಬಲದಿಂದ, ಈಜಿನ ಬಲದಿಂದಲ್ಲ! ಒಟ್ಟಿನಲ್ಲಿ ಅರಸರ ನೀರಾಟ ಗ್ರಂಥಗಳಲ್ಲಿ ಉಳಿಯಿತು. ಮೀನುಗಾರ, ಅಂಬಿಗ, ಕೆರೆಯಲ್ಲಿ ಎಮ್ಮೆ ಮೈತೊಳೆಯುವ ಹುಡುಗ, ಇವರ ಈಜನ್ನು ಯಾರೂ ಬರೆದಿಡಲಿಲ್ಲ. ಆದರೂ ವಿದ್ಯೆಯನ್ನು ನಿಜವಾಗಿ ಉಳಿಸಿಕೊಂಡು ಬಂದವರು ಇವರೇ. ಊರಬಾವಿ, ಕೆರೆ, ಹೊಳೆಯ ಮಡುಗಳೇ ಶಾಲೆ, ಅಣ್ಣನೋ ಸೋದರಮಾವನೋ ಗುರು, ಶುಲ್ಕವಿಲ್ಲ, ಪರೀಕ್ಷೆಯಿಲ್ಲ.

ಹೀಗೆಂದು ಹಿಂದಿನದೆಲ್ಲ ಚೆನ್ನಾಗಿತ್ತೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗಂಡುಹುಡುಗರು ಬಾವಿಗೆ ಧುಮುಕುತ್ತಿದ್ದಾಗ ಅವರ ಅಕ್ಕತಂಗಿಯರು ಕೊಡ ಹಿಡಿದು ದಡದಲ್ಲಿ ನಿಂತಿರುತ್ತಿದ್ದರು. ಇನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ಈಜುವುದಿರಲಿ, ಕುಡಿಯುವ ನೀರನ್ನು ಮುಟ್ಟುವುದೂ ನಿಷಿದ್ಧವಾಗಿತ್ತು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ವಿಧಾನ ಪರಿಷತ್ತು 1923ರಲ್ಲಿಯೇ ನಿರ್ಣಯ ಮಾಡಿತ್ತು. ಆದರೂ ಕೊಂಕಣದ ಹೆದ್ದಾರಿಯಲ್ಲಿ ಊರಿಗೆ ಹೋಗುವ ನಮ್ಮವರು ದಾಟಿಹೋಗುವ ಮಹಾಡಿನಲ್ಲಿ, ಚವದಾರ್ ಕೆರೆಯ ಒಂದು ಬೊಗಸೆ ನೀರಿಗಾಗಿ ಡಾ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು. ದನಕರುಗಳು ಇಳಿಯಬಹುದಾಗಿದ್ದ ಕೆರೆಗೆ ಮನುಷ್ಯರು ಇಳಿದರೆಂದು ಆಮೇಲೆ ಅದನ್ನು 'ಶುದ್ಧಿ' ಮಾಡಲಾಯಿತು! ಈ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಲು 1937ನೇ ಇಸವಿಯೇ ಬರಬೇಕಾಯಿತು.

ನಗರದ ಈಜುಕೊಳಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮುಂಬಯಿಯಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಪ್ರಾರಂಭವಾದ ಬ್ರೀಚ್ ಕ್ಯಾಂಡಿ ಈಜುಕೊಳ ಯುರೋಪಿಯನ್ನರಿಗೆ ಮೀಸಲು; ಸ್ವಾತಂತ್ರ್ಯ ಬಂದ ಮೇಲೆಯೂ ಕೆಲವು ವರ್ಷ ಆ ನಿಯಮ ಉಳಿದುಕೊಂಡಿತ್ತು. ಗಿರಗಾಂವ್ ಚೌಪಾಟಿಯ ಬದಿಯ ಮಫತ್‌ಲಾಲ್ ಈಜುಕೊಳದ ಹೆಸರಿನಲ್ಲಿ 'ಹಿಂದೂ' ಎಂಬ ಶಬ್ದ ಸೇರಿರುವುದನ್ನು ಹಳೆಯ ಮುಂಬಯಿಗರು ಬಲ್ಲರು. ಅಮೆರಿಕದಲ್ಲಿಯೂ ಇದೇ ಗತಿ. 1964ರ ಜೂನ್ 18ರಂದು ಫ್ಲಾರಿಡಾದ ಸೇಂಟ್ ಆಗಸ್ಟೀನ್ ಪಟ್ಟಣದ ಮೋಟೆಲೊಂದರ ಕೊಳಕ್ಕೆ ಕರಿಯರೂ ಬಿಳಿಯರೂ ಒಟ್ಟಿಗೆ ಇಳಿದು ಪ್ರತಿಭಟಿಸಿದಾಗ, ಅದರ ವ್ಯವಸ್ಥಾಪಕ ನೀರಿಗೆ ಆಮ್ಲವನ್ನೇ ಸುರಿದ. ನೀರಿಗೆ ಬೇಧವಿಲ್ಲ, ಬೇಧವೆಲ್ಲ ದಡದಲ್ಲಿ ನಿಂತವರದು.

ಇಷ್ಟೊಂದು ಜನ ನೀರಿಗಾಗಿ ಹೋರಾಡಬೇಕಾದರೆ ಅದರಲ್ಲಿ ಏನೋ ಇರಬೇಕಷ್ಟೆ. ದಾಹ ತೀರಿಸುವುದು ನೀರಿನ ಮೊದಲ ಗುಣ. ಮೈಯನ್ನು ರಿಪೇರಿ ಮಾಡುವುದು ಇನ್ನೊಂದು. ಈ ಎರಡನೆಯ ಗುಣವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಆಸ್ಟ್ರೇಲಿಯಾದ ಅನೆಟ್ ಕೆಲರ್ಮನ್ ಒಬ್ಬರು. 1886ರಲ್ಲಿ ಜನಿಸಿದ ಈಕೆಗೆ ಬಾಲ್ಯದಲ್ಲಿ ಕಾಲುಗಳು ಬಲಹೀನವಾಗಿದ್ದು, ಉಕ್ಕಿನ ಪಟ್ಟಿ ಕಟ್ಟಿಕೊಂಡು ನಡೆಯಬೇಕಾಗಿತ್ತು. ಕಾಲಿಗೆ ಶಕ್ತಿ ಬರಲೆಂದೇ ತಂದೆತಾಯಿ ಈಜಿಗೆ ಹಾಕಿದರು. ಅದೇ ಹುಡುಗಿ 1905ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಲು ಧೈರ್ಯ ಮಾಡಿದಳು. ದಾಟಲಾಗಲಿಲ್ಲ, ಆದರೆ ಹೆಂಗಸರ ಈಜಿಗೆ ದಾರಿ ತೆರೆಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ಈಜು ಸ್ಪರ್ಧೆಗಳು ಮೊದಲಬಾರಿಗೆ ನಡೆದವು. ಎರಡನೆಯ ಉದಾಹರಣೆ ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ಎಂದು ನಿರ್ಧರಿಸಲಾದ ಕಾಯಿಲೆಯಿಂದ ಅವರ ಕಾಲುಗಳು ಸ್ವಾಧೀನ ತಪ್ಪಿದವು. 1924ರಿಂದ ಅವರು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಈಜತೊಡಗಿದರು. ಕಾಲು ಮರಳಿ ಬರಲಿಲ್ಲ. ಆದರೆ ನೆಲದ ಮೇಲೆ ನಿಲ್ಲಲಾಗದವರು ನೀರಿನಲ್ಲಿ ನಿಂತರು, ಓಡಾಡಿದರು. ಈ ಸುಖ ಇತರರಿಗೂ ಸಿಗಲೆಂದು 1926ರಲ್ಲಿ ಆ ಜಾಗವನ್ನೇ ಕೊಂಡು ಚಿಕಿತ್ಸಾಕೇಂದ್ರ ಮಾಡಿದರು. ಏಳು ವರ್ಷಗಳ ತರುವಾಯ ಅಮೆರಿಕದ ಅಧ್ಯಕ್ಷರೂ ಆದರು.

ಇದರ ಹಿಂದೆ ಪವಾಡವೇನೂ ಇಲ್ಲ. ಆರ್ಕಿಮಿಡೀಸ್ ಹೇಳಿದ ತತ್ತ್ವವೇ ಇದೆ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವರ ಕಾಲು ಹೊರಬೇಕಾದ ಭಾರ ದೇಹದ ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಎಪ್ಪತ್ತು ಕಿಲೋ ತೂಗುವವರ ಮೊಣಕಾಲಿಗೆ ಆಗ ಏಳು ಕಿಲೋ ಹೊತ್ತಷ್ಟೇ ಶ್ರಮ. ಹಾಗೆಂದು ನೀರು ಸೋಮಾರಿತನ ಕಲಿಸುವುದಿಲ್ಲ. ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ದಟ್ಟವಾದ ಅದನ್ನು ಸೀಳಿಕೊಂಡು ಹೋಗಲು ತೋಳು, ಭುಜ, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ದುಡಿಯಬೇಕು. ನೀರಿನ ಒತ್ತಡದ ನಡುವೆ ಎದೆ ಹಿಗ್ಗಬೇಕಾದುದರಿಂದ ಉಸಿರಿನ ಸ್ನಾಯುಗಳಿಗೂ ವ್ಯಾಯಾಮವಾಗುತ್ತದೆ. ಲೆಕ್ಕ ಹಿಡಿದು ಉಸಿರು ಬಿಡುವಾಗ ಮನಸ್ಸು ಬೇರೆ ಚಿಂತೆಗಳನ್ನು ಬದಿಗಿಡುತ್ತದೆ. ಅಂದು ರಾತ್ರಿಯ ನಿದ್ರೆಯ ಸುಖವನ್ನು ಈಜುವವರೇ ಬಲ್ಲರು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಿತವಾದ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಣಕಾಲು ನೋವಿನಿಂದ ನಡೆಯಲಾಗದ ಹಿರಿಯರಿಗೆ ಈ 150 ನಿಮಿಷವನ್ನು ತುಂಬಿಸಿಕೊಳ್ಳಲು ಕೊಳಕ್ಕಿಂತ ಹಿತವಾದ ಜಾಗ ಅಪರೂಪ. ಒಂದು ಮಾತು ಮಾತ್ರ ನೆನಪಿರಲಿ: ನೀರಿನಲ್ಲಿ ಮೂಳೆಗಳ ಮೇಲೆ ಭಾರ ಬೀಳದ ಕಾರಣ, ಅವು ಗಟ್ಟಿಯಾಗಲು ಆದಷ್ಟು ನಡಿಗೆಯೂ ಜೊತೆಗಿರಬೇಕು. ಹೃದಯದ ತೊಂದರೆ, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು.

ನಮ್ಮ ದೇಶದವರ ಸಾಧನೆಯೇನೂ ಸಣ್ಣದಲ್ಲ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ 21 ಗಂಟೆ 45 ನಿಮಿಷ ಈಜಿ ದಾಟಿದ್ದ ಇಂಗ್ಲಿಷ್ ಕಾಲುವೆಯನ್ನು 1958ರಲ್ಲಿ ಮಿಹಿರ್ ಸೇನ್ ದಾಟಿದರು. 1959ರ ಸೆಪ್ಟೆಂಬರ್ 29ರಂದು ಆರತಿ ಸಾಹಾ ದಾಟಿ, ಏಷ್ಯಾದ ಸ್ತ್ರೀಯರಲ್ಲಿ ಮೊದಲಿಗರಾದರು. ಒಂದು ತಿಂಗಳ ಹಿಂದಷ್ಟೇ ಅವರ ಮೊದಲ ಪ್ರಯತ್ನ ವಿಫಲವಾಗಿತ್ತು. ಕಿವಿ ಕೇಳದ, ಕಣ್ಣೂ ಮಂದವಾದ ಮುಂಬಯಿಯ ತಾರಾನಾಥ ಶೆಣೈ 1980ರ ದಶಕದಲ್ಲಿ ಅದೇ ಕಾಲುವೆಯನ್ನು ಈಜಿ ಹೆಸರಾದರು. ಬೆಂಗಳೂರಿನ ನಿಶಾ ಮಿಲೆಟ್ ಬಾಲ್ಯದಲ್ಲಿ ಮುಳುಗಿ ಬದುಕಿ ಉಳಿದ ಮೇಲೆ ಈಜು ಕಲಿತು, 2000ದ ಸಿಡ್ನಿ ಒಲಿಂಪಿಕ್ಸ್‌ವರೆಗೆ ಹೋದರು. ಎಡಗೈ ಪೂರ್ಣ ಬೆಳೆಯದೆ ಹುಟ್ಟಿದ ಬೆಂಗಳೂರಿನವರೇ ಆದ ಶರತ್ ಗಾಯಕವಾಡ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು; 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಆರು ಪದಕ ಗೆದ್ದರು. ನೆಲದ ಮೇಲೆ ಕೊರತೆಯೆನಿಸಿದ್ದು ನೀರಿನಲ್ಲಿ ಅಡ್ಡಿಯಾಗಲಿಲ್ಲ.

ಪದಕದ ಮಾತು ಹಾಗಿರಲಿ. ಈಜಿಗೆ ಬೇರೆ ಯಾವ ವ್ಯಾಯಾಮಕ್ಕೂ ಇಲ್ಲದ ಒಂದು ಗುಣವಿದೆ: ಅದು ಆಯುಷ್ಯವನ್ನು ನಿಧಾನವಾಗಿ ಹೆಚ್ಚಿಸುವುದಷ್ಟೇ ಅಲ್ಲ, ಒಂದೇ ಕ್ಷಣದಲ್ಲಿ ಪ್ರಾಣವನ್ನೂ ಉಳಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷದೊಳಗಿನ ಕೂಸುಗಳು. ಈ ಸಾವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ. ಇದನ್ನು ನೆನಪಿಸಲೆಂದೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆಯ ಸಾವು ತಡೆಯುವ ದಿನವೆಂದು ಸಾರಿತು. ಶಾಲೆಗೆ ಹೋಗುವ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸುವುದು ಆ ಸಂಸ್ಥೆಗಳು ಹೇಳುವ ಮುಖ್ಯ ಉಪಾಯಗಳಲ್ಲಿ ಒಂದು.

ಇದು ನಮ್ಮ ಮನೆಗಳಿಗೂ ತಟ್ಟುವ ಮಾತು. ಬೇಸಿಗೆಯ ರಜೆಗೆ ಸೀವುಡ್ಸ್‌ನಿಂದ, ಥಾಣೆಯಿಂದ, ಡೊಂಬಿವಲಿಯಿಂದ ಮಕ್ಕಳು ಅಜ್ಜನ ಮನೆಗೆ ಹೋಗುತ್ತಾರೆ. ಅಲ್ಲಿಯ ಹುಡುಗರು ಹೊಳೆಗೆ ಹಾರಿದರೆ ಇವರೂ ಹಾರುತ್ತಾರೆ. ಅವರಿಗೆ ಮಡುವಿನ ಆಳ ಗೊತ್ತು, ಇವರಿಗೆ ಗೊತ್ತಿಲ್ಲ. ಅವರಿಗೆ ಈಜು ಬರುತ್ತದೆ, ಇವರಿಗೆ ಬರುವುದಿಲ್ಲ. ಆಳ ನೋಡದೆ ನೀರಿಗಿಳಿಯಬಾರದೆಂಬ ಹಿರಿಯರ ಬುದ್ಧಿಮಾತು ಹದಿಮೂರು ವರ್ಷದ ಹುಡುಗನ ಕಿವಿಗೆ ಬೀಳುವುದು ಕಷ್ಟ. ಆದುದರಿಂದ ಊರಿನ ಟಿಕೆಟು ತೆಗೆಸುವ ಮೊದಲೇ ಅವನಿಗೆ ಈಜು ಕಲಿಸಿರುವುದು ಮೇಲು.

ಎಲ್ಲಿ ಕಲಿಸಬೇಕು? ಖಾಡಿಯಲ್ಲಂತೂ ಅಲ್ಲ. ಅಲ್ಲಿಯ ಕೆಸರು ಮತ್ತು ಭರತ ಇಳಿತಗಳ ಸೆಳೆತವನ್ನು ಬಲ್ಲವರು ಕೋಳಿ ಜನ ಮಾತ್ರ. ನಮ್ಮ ಪಾಲಿಗೆ ಅದು ನೋಡುವ ನೀರು. ಆದರೆ ದಾದರಿನ ಶಿವಾಜಿ ಪಾರ್ಕಿನಲ್ಲಿ ಮಹಾನಗರಪಾಲಿಕೆಯ ಮಹಾತ್ಮಾ ಗಾಂಧಿ ಈಜುಕೊಳವಿದ್ದಂತೆ, ಡೊಂಬಿವಲಿಯ ಸಾವಳಾರಾಮ ಮಹಾರಾಜ ಕ್ರೀಡಾಸಂಕುಲದಲ್ಲಿಯೂ ಸಾರ್ವಜನಿಕ ಕೊಳವಿದೆ. ದೊಡ್ಡ ಸೊಸೈಟಿಗಳೊಳಗೂ ಕೊಳಗಳಿವೆ. ಆದರೆ ಗೇಟಿನ ಹೊರಗಿನ ಮಕ್ಕಳಿಗೆ ಅವು ಇಲ್ಲ. ಹಿಂದೆ ಜಾತಿ ಮತ್ತು ಬಣ್ಣ ಹಾಕಿದ್ದ ಬೀಗವನ್ನು ಈಗ ಹಣ ಹಾಕಿದೆ. ಪ್ರತಿ ಬಡಾವಣೆಗೂ ಒಂದು ಸಾರ್ವಜನಿಕ ಕೊಳ ಬೇಕೆಂದು ನಾಗರಿಕರು ಒತ್ತಾಯಿಸುವುದು ಆದ್ದರಿಂದ ಶೋಕಿಯಲ್ಲ, ನ್ಯಾಯ.

ನಮ್ಮ ಸಂಘಸಂಸ್ಥೆಗಳು ನಾಟಕ, ಯಕ್ಷಗಾನ, ಹಳದಿ ಕುಂಕುಮ, ವಿಹಾರಕೂಟ ಎಲ್ಲವನ್ನೂ ನಡೆಸುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದು ಊರಿಗೆ ಹೊರಡುವ ಮೊದಲಿನ ದಿನಗಳಲ್ಲಿ, ಮಕ್ಕಳಿಗೊಂದು ಈಜು ಶಿಬಿರ ನಡೆಸುವುದು ಅವುಗಳಿಗೆ ಅಸಾಧ್ಯವೇನಲ್ಲ. ಅದರಲ್ಲಿ ಹೆಂಗಸರಿಗೆ ಬೇರೆ ಸಮಯ, ಸ್ತ್ರೀ ಶಿಕ್ಷಕಿ ಇರಲಿ. ದಡದಲ್ಲಿ ಕೊಡ ಹಿಡಿದು ನಿಂತ ಅಜ್ಜಿಯ ಮೊಮ್ಮಗಳು ಈಗಲಾದರೂ ನೀರಿಗಿಳಿಯಲಿ. ಹಿಂದೆ ತುಂಗೆಯನ್ನೋ ನೇತ್ರಾವತಿಯನ್ನೋ ಈಜಿದ ಹಿರಿಯರೂ ಜೊತೆಗೆ ಬರಲಿ. ಕಲಿಸಲು ಅವರಲ್ಲಿ ವಿದ್ಯೆಯಿದೆ, ಅವರ ಮೊಣಕಾಲಿಗೂ ಒಂದಿಷ್ಟು ವಿಶ್ರಾಂತಿ ದೊರೆತೀತು. ಮುಂದಿನ ಬೇಸಿಗೆಯ ರಜೆಗೆ ಇನ್ನೂ ಸಮಯವಿದೆ. ಕಾರ್ಯಕಾರಿ ಸಮಿತಿಗಳ ಮುಂದಿನ ಸಭೆಗಳಲ್ಲಿ ಈ ವಿಷಯವೂ ಬರಲಿ.