ಲಫೆವ್ರ್: ಕುಲುಮೆಯಿಂದ ಬಂದ ಕುಲನಾಮ

ಫ್ರಾನ್ಸಿನಲ್ಲಿ, ಅದರಲ್ಲೂ ಉತ್ತರ ಭಾಗದಲ್ಲಿ, ‘ಲಫೆವ್ರ್’ ಬಲು ಸಾಮಾನ್ಯವಾದ ಮನೆತನದ ಹೆಸರು. ಅರ್ಥ ‘ಕಮ್ಮಾರ’. ಆದರೆ ಇಂದಿನ ಫ್ರೆಂಚರು ಕಮ್ಮಾರನನ್ನು ‘ಫೆವ್ರ್’ ಎನ್ನುವುದಿಲ್ಲ, ‘ಫೊರ್ಝರೊಂ’ ಎನ್ನುತ್ತಾರೆ. ಆಡುಮಾತಿನಿಂದ ಮರೆಯಾದ ಪದ ಹೆಸರಿನಲ್ಲಿ ಉಳಿದುಕೊಂಡಿದೆ.

ಪದದ ಮೂಲ

ಲ್ಯಾಟಿನ್ನಿನ ‘ಫಾಬೆರ್’ ಎಂದರೆ ಗಟ್ಟಿ ವಸ್ತುಗಳಲ್ಲಿ ಕೆಲಸ ಮಾಡುವ ಕುಶಲಕರ್ಮಿ. ಬಡಗಿಯೂ ಫಾಬೆರ್, ಕಮ್ಮಾರನೂ ಫಾಬೆರ್. ಹಳೆಯ ಫ್ರೆಂಚಿಗೆ ಬರುವಷ್ಟರಲ್ಲಿ ನಡುವಿನ ‘ಬ’ ಸವೆದು ‘ವ’ ಆಯಿತು, ಅರ್ಥ ಕಬ್ಬಿಣದ ಕೆಲಸದವನಿಗೆ ಸೀಮಿತವಾಯಿತು. ಹೆಸರಿನ ಮೊದಲಿಗಿರುವ ‘ಲ’ ಬರೀ ನಿರ್ದೇಶಕ ಉಪಪದ. ಚಿನ್ನದ ಕೆಲಸದವನನ್ನು ಹೇಳುವ ‘ಒರ್ಫೆವ್ರ್’ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯೊಂದಕ್ಕೆ ಅಕ್ಕಸಾಲಿಗರದೇ ಹೆಸರಿದೆ.

ಅಡ್ಡಹೆಸರು ವಂಶದ ಹೆಸರಾದದ್ದು

ಮಧ್ಯಯುಗದ ಹಳ್ಳಿಯಲ್ಲಿ ‘ಝಾನ್’ಗಳು ಹತ್ತಾರು ಮಂದಿ ಇರುತ್ತಿದ್ದರು, ಕುಲುಮೆ ಇಟ್ಟುಕೊಂಡ ಝಾನ್ ಸಾಮಾನ್ಯವಾಗಿ ಒಬ್ಬನೇ. ನೇಗಿಲ ಗುಳ, ಕುದುರೆಯ ಲಾಳ, ಬಾಗಿಲ ಚಿಲಕ ಎಲ್ಲಕ್ಕೂ ಅವನೇ ಬೇಕು. ಹಾಗಾಗಿ ‘ಕಮ್ಮಾರ ಝಾನ್’ ಎಂದರೆ ಸಾಕಿತ್ತು. ಮಗ ಸುತ್ತಿಗೆ ಹಿಡಿಯದಿದ್ದರೂ ಹೆಸರು ಅವನಿಗೆ ಅಂಟಿಕೊಂಡಿತು. 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ಹೊರಡಿಸಿದ ವಿಲೆರ್-ಕೊತ್ರೆ ಶಾಸನ ಚರ್ಚುಗಳಲ್ಲಿ ದೀಕ್ಷಾಸ್ನಾನದ ದಾಖಲೆ ಇಡಬೇಕೆಂದಿತು. ಜನನಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳಕೂಡದೆಂದು 1794ರ ಕ್ರಾಂತಿಕಾಲದ ಕಾಯಿದೆ ವಿಧಿಸಿತು.

ಉಚ್ಚರಿಸದ ‘ಬಿ’

ಇದೇ ಹೆಸರನ್ನು ಹಲವರು ‘ವಿ’ಗೆ ಮುಂಚೆ ‘ಬಿ’ ಅಕ್ಷರ ಸೇರಿಸಿ ಬರೆಯುತ್ತಾರೆ, ಆದರೆ ಓದುವಾಗ ಅದನ್ನು ನುಂಗಿಬಿಡುತ್ತಾರೆ. ಇದು ಬರಹಗಾರರ ಕೈಚಳಕ. ಅವರಿಗೆ ಲ್ಯಾಟಿನ್ ಮೂಲವನ್ನು ನೆನಪಿಸುವ ಆಸೆ. ಜೊತೆಗೆ ಒಂದು ತೊಡಕೂ ಇತ್ತು: ಆಗ ‘ಯು’ ಮತ್ತು ‘ವಿ’ಗಳನ್ನು ಬೇರೆ ಬೇರೆ ಅಕ್ಷರಗಳೆಂದು ಎಣಿಸುತ್ತಿರಲಿಲ್ಲ. ಮುಂದಿರುವುದು ವ್ಯಂಜನ ಎಂದು ತಿಳಿಸಲು ‘ಬಿ’ ನೆರವಾಯಿತು. ಆದರೂ ಕೆಲವರು ಆ ‘ವಿ’ಯನ್ನು ಸ್ವರವೆಂದೇ ಓದಿದರು, ‘ಲಫೆಬ್ಯೂರ್’ ಎಂಬ ಇನ್ನೊಂದು ಕುಲನಾಮವೇ ಹುಟ್ಟಿತು. ಆರ್ಗನ್ ವಾದಕ ಲಫೆಬ್ಯೂರ್-ವೆಲಿ (1817–1869) ಈ ತಪ್ಪು ಓದಿನ ವಾರಸುದಾರ.

ಸೀಮೆಗೊಂದು ರೂಪ

ದಕ್ಷಿಣದ ಆಕ್ಸಿಟನ್ ಸೀಮೆಯ ಕಮ್ಮಾರ ‘ಫಾಬ್ರ್’ ಅಥವಾ ‘ಫೋರ್’. ಸವೊಯ್ ಮತ್ತು ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನಲ್ಲಿ ‘ಫಾವ್ರ್’. ಬ್ರಿಟನಿಯ ‘ಲ ಗೊಫ್’ ಬ್ರೆಟನ್ ನುಡಿಯ ಪದ, ಅಲ್ಸೇಸಿನ ‘ಶ್ಮಿಟ್’ ಜರ್ಮನ್ ಮೂಲದ್ದು. ಈ ಎರಡಕ್ಕೂ ಫಾಬೆರ್‌ಗೂ ನಂಟಿಲ್ಲ, ಅರ್ಥ ಮಾತ್ರ ಒಂದೇ.

ಹೆಸರು ಹೊತ್ತವರು

ಕೀಟಗಳ ಬದುಕನ್ನು ಬರೆದ ಝಾನ್-ಆನ್ರಿ ಫಾಬ್ರ್ (1823–1915), 1929ರಲ್ಲಿ ಮಾರ್ಕ್ ಬ್ಲಾಕ್ ಜೊತೆ ‘ಆನಾಲ್’ ಪತ್ರಿಕೆ ಆರಂಭಿಸಿದ ಇತಿಹಾಸಕಾರ ಲ್ಯೂಸಿಯೆನ್ ಫೆವ್ರ್ ಇಬ್ಬರ ಹೆಸರಿನಲ್ಲೂ ಇರುವವನು ಅದೇ ಕಮ್ಮಾರ. 1523ರಲ್ಲಿ ಹೊಸ ಒಡಂಬಡಿಕೆಯನ್ನು ಫ್ರೆಂಚಿಗೆ ತಂದ ಪಂಡಿತ ಝಾಕ್ ಲಫೆವ್ರ್ ದೇತಾಪ್ಲ್ ಲ್ಯಾಟಿನ್ ಗ್ರಂಥಗಳಲ್ಲಿ ತನ್ನನ್ನು ‘ಫಾಬೆರ್’ ಎಂದೇ ಕರೆದುಕೊಂಡ. ಜನರ ಬಾಯಲ್ಲಿ ಸವೆದ ಪದವನ್ನು ಲಿಪಿಕಾರರು ಒಂದಕ್ಷರ ಸೇರಿಸಿ ಮೂಲಕ್ಕೆ ಎಳೆಯಲು ಹೆಣಗಿದ್ದರೆ, ಈತ ಹೆಸರನ್ನು ಇಡಿಯಾಗಿಯೇ ಅಲ್ಲಿಗೆ ಒಯ್ದಿದ್ದ.