ಮನೆಯಾಗ ನಾಯೀನೂ ಬೇಕು, ಬೆಕ್ಕೂ ಬೇಕು: ಎರಡನ್ನೂ ಹೊಂದಿಸುವುದು ಹೇಗೆ?

ಐರಣಿ (ರಾಣೆಬೆನ್ನೂರು): ರಾಶಿ ಮುಗಿದು ಗೋವಿನಜೋಳದ ಚೀಲಗಳು ಪಡಸಾಲಿಗೆ ಬಂದು ಬಿದ್ದವು ಅಂದರೆ ಅವುಗಳ ಬೆನ್ನಿಗೇ ಇಲಿಗಳೂ ಬರುತ್ತವೆ. ತುಂಗಭದ್ರೆಯ ದಂಡೆಯ ಐರಣಿಯ ಮನೆಯಾಗಲಿ, ರಾಣೆಬೆನ್ನೂರಿನ ಬೀಜದ ಅಂಗಡಿಯಾಗಲಿ, ಬ್ಯಾಡಗಿಯ ಕಿರಾಣಿ ಅಂಗಡಿಯಾಗಲಿ ಲೆಕ್ಕ ಒಂದೇ: ಇಲಿಗೆ ಬೆಕ್ಕು ಬೇಕು, ಕಾವಲಿಗೆ ನಾಯಿ ಬೇಕು. ತೊಂದರೆ ಶುರುವಾಗುವುದು ಎರಡೂ ಒಂದೇ ಸೂರಿನಡಿ ಬಂದಾಗ. ನಾಯಿ ಬಂದ ವಾರದೊಳಗೆ ಬೆಕ್ಕು ಮನೆ ಬಿಟ್ಟು ಪಕ್ಕದ ಓಣಿ ಸೇರುತ್ತದೆ. ಇಲ್ಲವೇ ಒಂದಿನ ಬೆಳಿಗ್ಗೆ ಹಿತ್ತಲದಾಗ ಸತ್ತು ಬಿದ್ದಿರುತ್ತದೆ. "ಅವಕ್ಕ ಹುಟ್ಟಾ ವೈರ, ಏನ್ ಮಾಡಾಕ ಬರ್ತೈತಿ" ಎಂದು ಮಂದಿ ಅಲ್ಲಿಗೇ ಕೈಬಿಡುತ್ತಾರೆ.

ಆದರೆ ಈ ವೈರ ಹುಟ್ಟಿನಿಂದ ಬಂದದ್ದಲ್ಲ. ಎಷ್ಟೋ ಸಲ ಮೊದಲ ಭೇಟಿಯಲ್ಲಿ ಮನೆಯವರೇ ಮಾಡುವ ಎಡವಟ್ಟಿನಿಂದ ಬರುತ್ತದೆ. ಕುರಿ ಹಟ್ಟಿಯ ನಾಯಿಯನ್ನೇ ನೋಡಬಹುದು. ತನ್ನ ಅರ್ಧದಷ್ಟೂ ಇಲ್ಲದ ಕುರಿಮರಿಯನ್ನು ಅದು ಮುಟ್ಟುವುದಿಲ್ಲ. ಕಣ್ಣು ಬಿಟ್ಟಾಗಿನಿಂದ ಕುರಿಗಳ ನಡುವೆಯೇ ಬೆಳೆದದ್ದರಿಂದ ಅವು ಅದಕ್ಕೆ ತನ್ನ ಮಂದಿಯೇ ಆಗಿರುತ್ತವೆ. ಬೆಕ್ಕಿನ ವಿಷಯವೂ ಹಾಗೇ. ನಾಯಿಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ, ಬೆಕ್ಕಿನ ಮರಿ ಎರಡರಿಂದ ಏಳನೇ ವಾರದವರೆಗೆ, ಯಾವ ಪ್ರಾಣಿಯನ್ನು ದಿನಾ ನೋಡಿ ಒಡನಾಡುತ್ತದೋ ಅದನ್ನು ತನ್ನದೆಂದು ಒಪ್ಪಿಕೊಳ್ಳುವುದು ಸುಲಭ. ಎರಡನ್ನೂ ಮರಿ ಇದ್ದಾಗಲೇ ತಂದರೆ ಅರ್ಧ ಕೆಲಸ ಮುಗಿದಂತೆ. ದೊಡ್ಡವಾದ ಮೇಲೆ ಹೊಂದಿಸಲಿಕ್ಕೂ ಬರುತ್ತದೆ, ತಡ ಹಿಡಿಯುತ್ತದೆ ಅಷ್ಟೇ.

ಎತ್ತಿಕೊಂಡು ಹೋಗಿ ತೋರಿಸಬ್ಯಾಡ್ರಿ

ಎಲ್ಲರೂ ಮಾಡುವ ತಪ್ಪು ಇದು. ಬೆಕ್ಕನ್ನು ಎದೆಗೆ ಅವಚಿಕೊಂಡು ಹೋಗಿ ನಾಯಿಯ ಮೂತಿಗೆ ಹಿಡಿದು "ನೋಡು, ಇದು ನಿನ್ನ ಗೆಳೆಯ" ಎನ್ನುವುದು. ಓಡಲು ದಾರಿಯಿಲ್ಲದ ಬೆಕ್ಕು ಮೊದಲು ಪರಚುವುದು ಎತ್ತಿಕೊಂಡವರ ಕೈಯನ್ನು, ಆಮೇಲೆ ನಾಯಿಯ ಮೂಗನ್ನು. ನಾಯಿ ಆ ಏಟನ್ನು ಮರೆಯುವುದಿಲ್ಲ.

ಅದಕ್ಕಿಂತ, ಹೊಸದಾಗಿ ಬಂದದ್ದನ್ನು ಮೊದಲ ಮೂರ್ನಾಲ್ಕು ದಿನ ಬೇರೆ ಕೋಣೆಯಲ್ಲೇ ಇಡಬೇಕು. ಕಣ್ಣಿಗೆ ಬೀಳುವ ಮೊದಲು ವಾಸನೆ ಪರಿಚಯವಾಗಬೇಕು. ಹಳೇ ಬಟ್ಟೆಯ ತುಂಡಿನಿಂದ ಬೆಕ್ಕಿನ ಗಲ್ಲ ಒರೆಸಿ ನಾಯಿ ಮಲಗುವಲ್ಲಿ ಹಾಕುವುದು, ನಾಯಿ ಮಲಗಿದ ಗೋಣಿಚೀಲದ ತುಂಡನ್ನು ಬೆಕ್ಕಿನ ಹತ್ತಿರ ಇಡುವುದು. ಮುಚ್ಚಿದ ಬಾಗಿಲಿನ ಆಚೆ-ಈಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ ಹಾಕಿದರೆ, ಆ ವಾಸನೆ ಬಂದಾಗ ಅನ್ನವೂ ಬರುತ್ತದೆ ಎಂಬುದು ಎರಡರ ತಲೆಗೂ ಹೋಗುತ್ತದೆ.

ಆಮೇಲೆ ಭೇಟಿ. ನಾಯಿಯ ಹೊಟ್ಟೆ ತುಂಬಿರಬೇಕು, ಒಂದು ಸುತ್ತು ಹೊಲದ ಕಡೆ ಅಡ್ಡಾಡಿ ದಣಿದಿರಬೇಕು, ಕೊರಳಲ್ಲಿ ಹಗ್ಗವಿದ್ದು ಅದು ಮನೆಯವರ ಕೈಯಲ್ಲಿರಬೇಕು. ಬೆಕ್ಕು ಮಾತ್ರ ಬಿಡುಗಡೆಯಾಗಿ ಇರಬೇಕು. ಹತ್ತಿರ ಬರುವುದು, ದೂರ ಹೋಗುವುದು ಅದರ ಮರ್ಜಿ. ಐದು ನಿಮಿಷ ಸಾಕು. ನಾಯಿ ಸುಮ್ಮನೆ ಕೂತರೆ ಒಂದು ತುಂಡು ರೊಟ್ಟಿ ಕೊಡುವುದು. ಬೈಯುವುದು, ಹೊಡೆಯುವುದು ಬೇಡ. ಬೆಕ್ಕು ಬಂದಾಗಲೆಲ್ಲ ಏಟು ಬೀಳುತ್ತದೆ ಎಂದು ನಾಯಿ ಲೆಕ್ಕ ಹಾಕಿಕೊಂಡರೆ ಸಿಟ್ಟು ಬೆಕ್ಕಿನ ಮೇಲೇ ತಿರುಗುತ್ತದೆ. ದಿನಾ ಹೀಗೆ ಮಾಡಿದರೆ ಕೆಲವು ಎರಡು ವಾರಕ್ಕೆ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಎರಡು-ಮೂರು ತಿಂಗಳೂ ಬೇಕು. ರಾಶಿಯ ದಿನಗಳಲ್ಲಿ, ಮೆಣಸಿನಕಾಯಿ ಸೀಜನ್‌ನಲ್ಲಿ, ದೀಪಾವಳಿಯ ಪಟಾಕಿ ನಡುವೆ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ಎರಡರ ಭಾಷೆ ಬೇರೆ

ಜಗಳಕ್ಕೆ ಅರ್ಧ ಕಾರಣ ಇದೇ. ನಾಯಿ ಬಾಲ ಅಲ್ಲಾಡಿಸಿದರೆ ಹೆಚ್ಚಾಗಿ ಖುಷಿ. ಬೆಕ್ಕು ಬಾಲವನ್ನು ಪಟಪಟ ಬಡಿದರೆ ಸಿಟ್ಟು. ನಾಯಿ ಮುಂಗಾಲು ಎತ್ತಿದರೆ "ಆಡೋಣ ಬಾ", ಬೆಕ್ಕು ಎತ್ತಿದರೆ "ಹತ್ತಿರ ಬಂದ್ರ ಬಾರಿಸ್ತೀನಿ". ಆಟಕ್ಕೆಂದು ಹೋದ ನಾಯಿ ಏಟು ತಿಂದು ಬರುವುದು, ಬೆಕ್ಕು ಹೆದರಿ ಓಡುವುದು, ಓಡಿದ್ದನ್ನು ನಾಯಿ ಅಟ್ಟಿಸಿಕೊಂಡು ಹೋಗುವುದು, ಎಲ್ಲ ಅಲ್ಲಿಂದಲೇ. ಮುಧೋಳ ನಾಯಿ ಸಾಕಿದವರು ಇನ್ನೂ ಎಚ್ಚರ ಇರಬೇಕು. ಕಣ್ಣಿಗೆ ಬಿದ್ದ ಬೇಟೆಯನ್ನು ವೇಗದಲ್ಲಿ ಬೆನ್ನತ್ತುವುದು ಆ ತಳಿಯ ಗುಣ. ಮನೆಯೊಳಗೆ ಬೆಕ್ಕಿನ ಜೊತೆ ತಣ್ಣಗೆ ಮಲಗುವ ನಾಯಿಯೇ ಬಯಲಲ್ಲಿ ಅದು ಓಡಿದ್ದು ಕಂಡರೆ ಬಿಡಲಿಕ್ಕಿಲ್ಲ.

ಬೊಗಳುವ ನಾಯಿಗಿಂತ ಸದ್ದಿಲ್ಲದ ನಾಯಿಯ ಬಗ್ಗೆ ಹೆಚ್ಚು ಹೆದರಬೇಕು. ಮೈ ಬಿಗಿಮಾಡಿ, ಕಣ್ಣು ಮಿಟುಕಿಸದೆ ಬೆಕ್ಕನ್ನೇ ನೋಡುತ್ತ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಅದು ಆಟವಲ್ಲ, ಬೇಟೆ. ಅಂಥ ನಾಯಿ-ಬೆಕ್ಕನ್ನು ಮನೆಯವರಿಲ್ಲದಾಗ ಒಟ್ಟಿಗೆ ಬಿಡಲೇಬಾರದು.

ಬೆಕ್ಕಿಗೆ ಎತ್ತರದ ಜಾಗ

ಬೆಕ್ಕು ಮನೆಯಲ್ಲಿ ಉಳಿಯಬೇಕೆಂದರೆ ನಾಯಿಗೆ ಎಟುಕದ ಒಂದು ಜಾಗ ಬೇಕೇ ಬೇಕು. ಹಳೇ ಮನೆಗಳಲ್ಲಿ ಅಟ್ಟ, ಗೋಡೆಯ ಮಾಡ ಇರುತ್ತಿದ್ದವು; ಈಗಿನ ಆರ್‌ಸಿಸಿ ಮನೆಗಳಲ್ಲಿ ಅದೇ ಇಲ್ಲ. ಗೋಡೆಗೆ ಒಂದು ಹಲಗೆ ಬಡಿದರೂ ಸಾಕು. ಅಂಗಡಿಯಲ್ಲಾದರೆ ಚೀಲದ ಲಾಟಿನ ಮೇಲೆ ಹತ್ತಲು ದಾರಿ ಬಿಟ್ಟಿರಬೇಕು. ಬೆಕ್ಕಿನ ಊಟವೂ ಅಲ್ಲೇ ಮೇಲೆ. ತಟ್ಟೆ ಒಂದೇ ಆದರೆ ಜಗಳ ತಪ್ಪಿದ್ದಲ್ಲ. ನಾಯಿಯ ಅನ್ನವನ್ನೇ ಬೆಕ್ಕಿಗೂ ಹಾಕಿ ಸುಮ್ಮನಾಗುವಂತಿಲ್ಲ, ಬೆಕ್ಕಿಗೆ ಮಾಂಸ-ಮೀನಿನ ಅಂಶ ಬೇಕೇ ಬೇಕು.

ಬೆಕ್ಕು ಇಟ್ಟ ಮೇಲೆ ಇಲಿ ಪಾಷಾಣ ಇಡಬಾರದು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ನಾಯಿಯೂ ಸಾಯುವುದುಂಟು. ಎರಡೂ ಬೇಡ ಎನ್ನುವವರು ಇಲಿಬೋನು ಇಡಬಹುದು.

ಪರಚಿದ್ದಕ್ಕೂ ಲಸಿಕೆ

ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಬೆಕ್ಕಿನಿಂದಲೂ ಬರುತ್ತದೆ. ಎರಡಕ್ಕೂ ಮೂರು ತಿಂಗಳ ವಯಸ್ಸಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಬೇಕು. ಜಗಳ ಬಿಡಿಸಲು ನಡುವೆ ಕೈ ಹಾಕಬಾರದು. ಕಂಬಳಿ ಎಸೆದೋ, ಒಂದು ಕೊಡ ನೀರು ಚೆಲ್ಲಿಯೋ ಬಿಡಿಸಬೇಕು. ಆದರೂ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಖಾರದ ಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ಪ್ರಾಣಿಗೆ ಗಾಯವಾಗಿದ್ದರೆ ಪಶುಪಾಲನಾ ಇಲಾಖೆಯ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.